ಕೆನವೆರಲ್ ದಂಡೆಯಲ್ಲಿ ಎರಡು ನಾಣ್ಯ

2016ರ ಬೇಸಿಗೆಯಲ್ಲಿ ಒರ್ಲ್ಯಾಂಡೊದ ತಂಗಿಯ ಮಗನ ಮನೆಯಲ್ಲಿ ಮೂರು ವಾರ ಇದ್ದೆ. ಆ ಊರಿಗೆ ಹೋದವರೆಲ್ಲ ಡಿಸ್ನಿ ನೋಡುತ್ತಾರೆ. ನಾನು ರಾಕೆಟ್ ನೋಡುತ್ತೇನೆ ಎಂದೆ. ಹುಡುಗ ಎರಡು ದಿನ ತನ್ನ ಮೊಬೈಲ್ ಕೆದಕಿ, "ಬುಧವಾರ ಅದ ಮಾಮಾ, ರಜಾ ಹಾಕ್ತೀನಿ" ಎಂದ.

ಜೂನ್ 15. ಉಡಾವಣೆ ಇದ್ದದ್ದು ಬೆಳಗ್ಗೆ 10:29ಕ್ಕೆ. ನಾವು ಐದೂವರೆಗೇ ಹೊರಬಿದ್ದೆವು. "ರಾಕೆಟ್ ಒಂದ್ ವ್ಯಾಳೆ ಕಾದೀತು, ಪಾರ್ಕಿಂಗ್ ಕಾಯೂದಿಲ್ರಿ" ಎಂಬುದು ಅವನ ತರ್ಕ. ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ, ಬಾಟಲಿಯಲ್ಲಿ ಮಜ್ಜಿಗೆ. ಪೂರ್ವದ ಕರಾವಳಿಗೆ ಹೋಗುವ 528ನೇ ನಂಬರಿನ ಹೆದ್ದಾರಿ ಹಗ್ಗ ಹಿಡಿದು ಎಳೆದಂತೆ ನೇರ. ಎರಡೂ ಬದಿಗೆ ಜೌಗು, ಕುರುಚಲು ತಾಳೆ, ನಿಂತ ನೀರು. ಕೊನೆಗೆ ಇಂಡಿಯನ್ ರಿವರ್ ದಾಟಬೇಕು. ಹೆಸರಿಗೆ ನದಿ, ನೋಡಿದರೆ ಹಿನ್ನೀರು. ಸೇತುವೆಯ ನೆತ್ತಿಯಿಂದ ಎಡಕ್ಕೆ ನೋಡಿದರೆ ದೂರದಲ್ಲಿ ಒಂದು ದೊಡ್ಡ ಡಬ್ಬಿ ಕಾಣುತ್ತದೆ. ಚಂದ್ರನಿಗೆ ಹೋದ ಸ್ಯಾಟರ್ನ್ ರಾಕೆಟ್‌ಗಳನ್ನು ಜೋಡಿಸಿದ ಕಟ್ಟಡ ಅದು.

ಈ ಸೀಮೆ ಬ್ರೆವಾರ್ಡ್ ಕೌಂಟಿ. ಇಲ್ಲಿನ ಫೋನ್ ಕೋಡ್ 321. 1999ರಲ್ಲಿ ಹೊಸ ಕೋಡ್ ಬೇಕಾದಾಗ ಕೌಂಟ್‌ಡೌನ್ ನೆನಪಿರಲಿ ಎಂದು ಕೇಳಿ ಪಡೆದದ್ದಂತೆ. ಊರಿನ ದೈವ ಯಾವುದೆಂದು ಅಲ್ಲೇ ತಿಳಿಯಿತು.

ನಾವು ಹೋದದ್ದು ಪೋರ್ಟ್ ಕೆನವೆರಲ್‌ನ ಬಾಯಲ್ಲಿರುವ ಜೆಟ್ಟಿ ಪಾರ್ಕ್‌ಗೆ. ಬಂದರಿನ ಕಾಲುವೆ ಸಮುದ್ರ ಸೇರುವ ಜಾಗ. ಕಲ್ಲಿನ ತಡೆಗೋಡೆಗೆ ಅಂಟಿಕೊಂಡು ಉದ್ದನೆಯ ಕಟ್ಟೆ, ಅದರ ತುಂಬ ಗಾಳ ಹಾಕಿ ನಿಂತವರು. ಅವರಿಗೆ ಉಡಾವಣೆಯ ಪರಿವೆಯೇ ಇರಲಿಲ್ಲ. ಒಬ್ಬ ಮುದುಕ ಹಿಡಿದ ಮೀನಿನ ಬಾಲವನ್ನು ಪೆಲಿಕನ್ ಒಂದಕ್ಕೆ ಎಸೆಯುತ್ತ, ಯಾವ ರಾಕೆಟ್ ಇವತ್ತು ಎಂದು ನಮ್ಮನ್ನೇ ಕೇಳಿದ. ಮನೆ ಮುಂದೆ ತೇರು ಹೋಗುವ ಬೀದಿಯವರಿಗೆ ತೇರಿನ ಬೆರಗು ಇರುವುದಿಲ್ಲವಲ್ಲ, ಹಾಗೆ.

ಉತ್ತರಕ್ಕೆ ತಿರುಗಿ ನಿಂತರೆ ಕಾಲುವೆಯ ಆಚೆ ಆಗ ವಾಯುಪಡೆಯ ಸರಹದ್ದು. 1950ರ ಜುಲೈನಲ್ಲಿ ಮೊದಲ ರಾಕೆಟ್ ಹಾರಿದಾಗಿನಿಂದ ಈ ಮರಳ ಮೂಲೆಯ ತುಂಬ ಉಡಾವಣಾ ಕಟ್ಟೆಗಳೇ. ಅವುಗಳಲ್ಲಿ ನಮ್ಮದು 40ನೇ ನಂಬರಿನದು. ನಾವು ನಿಂತಲ್ಲಿಂದ ಸುಮಾರು 17 ಕಿ.ಮೀ. ಬುಡ ಕಾಣುವುದಿಲ್ಲ, ಹಸಿರಿನ ಮೇಲೆ ಗೋಪುರಗಳ ತುದಿ ಮಾತ್ರ. ಶನಿಗ್ರಹಕ್ಕೆ ಹೋದ ಕ್ಯಾಸಿನಿ 1997ರಲ್ಲಿ ಎದ್ದದ್ದು ಅದೇ ಕಟ್ಟೆಯಿಂದ. ಸರ್ಕಾರದ ಟೈಟನ್ ರಾಕೆಟ್‌ಗಳ ಕಾಲ ಮುಗಿದ ಮೇಲೆ ಸ್ಪೇಸ್‌ಎಕ್ಸ್ ಅದನ್ನು ಬಾಡಿಗೆಗೆ ಹಿಡಿದು, 2010ರ ಜೂನ್‌ನಲ್ಲಿ ಮೊದಲ ಫಾಲ್ಕನ್ 9 ಹಾರಿಸಿತು. ಬಾಡಿಗೆಗೆ ಸಿಗುವುದು ಕಲ್ಯಾಣಮಂಟಪ ಮಾತ್ರ ಎಂದುಕೊಂಡಿದ್ದೆ.

ಅಂದಿನ ಸರಕು ಎರಡು ಸಂಪರ್ಕ ಉಪಗ್ರಹ. ಒಂದು ಯೂಟೆಲ್‌ಸ್ಯಾಟ್ 117 ವೆಸ್ಟ್ ಬಿ, ಇನ್ನೊಂದು ಎಬಿಎಸ್-2ಎ. ಎರಡನ್ನೂ ಕಟ್ಟಿದ್ದು ಬೋಯಿಂಗ್. ಎಬಿಎಸ್ ಮತ್ತು ಮೆಕ್ಸಿಕೊದ ಸ್ಯಾಟ್‌ಮೆಕ್ಸ್ ಎಂಬ ಎರಡು ಕಂಪನಿಗಳು 2012ರಲ್ಲಿ ಕೂಡಿಯೇ ನಾಲ್ಕು ಉಪಗ್ರಹಕ್ಕೆ ಆರ್ಡರ್ ಕೊಟ್ಟಿದ್ದವು. ಸ್ಯಾಟ್‌ಮೆಕ್ಸನ್ನು ಆಮೇಲೆ ಫ್ರಾನ್ಸಿನ ಯೂಟೆಲ್‌ಸ್ಯಾಟ್ ಕೊಂಡಿದ್ದರಿಂದ ಹೆಸರು ಬದಲಾಯಿತು. ಮೊದಲ ಜೋಡಿ 2015ರ ಮಾರ್ಚ್ 1ರ ರಾತ್ರಿ ಇದೇ ಕಟ್ಟೆಯಿಂದ ಹೋಗಿತ್ತು, ನಾವು ನೋಡಲು ಬಂದದ್ದು ಎರಡನೆಯದನ್ನು. ಒಂದರ ತಲೆಯ ಮೇಲೆ ಇನ್ನೊಂದನ್ನು ಕೂರಿಸಿ ಕಳಿಸುವ ಉಪಾಯ. ಆಗ ಒಂದು ಫಾಲ್ಕನ್‌ಗೆ ಕಂಪನಿ ಬಹಿರಂಗವಾಗಿ ಹೇಳುತ್ತಿದ್ದ ದರ 6.2 ಕೋಟಿ ಡಾಲರ್. ಇಬ್ಬರು ಹಂಚಿಕೊಂಡರೆ ಎಷ್ಟು ಹಗುರ ನೋಡಿ. ಹುಬ್ಬಳ್ಳಿ ಸ್ಟೇಷನ್ನಿನ ಹೊರಗೆ ಶೇರ್ ಆಟೊ ಹತ್ತಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಂಚಿಕೊಳ್ಳಲು ಆದದ್ದು ಎರಡೂ ಹಗುರವಾಗಿದ್ದರಿಂದ. ಆ ಕಾಲದ ದೊಡ್ಡ ಸಂಪರ್ಕ ಉಪಗ್ರಹ ನಾಲ್ಕರಿಂದ ಆರು ಟನ್ ತೂಗುತ್ತಿತ್ತು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಇಂಧನ. ರಾಕೆಟ್ ಬಿಟ್ಟ ಜಾಗದಿಂದ 35,786 ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಗೆ ತಾನೇ ಹೋಗಿ ಸೇರಿಕೊಳ್ಳಲು ಬೇಕಾದ ಬುತ್ತಿ ಅದು. ಈ ಎರಡರಲ್ಲಿ ಆ ಇಂಧನವೇ ಇಲ್ಲ. ತಲಾ ಎರಡು ಟನ್ನಿನ ಆಸುಪಾಸು. ಹತ್ತುವುದೂ, ಹತ್ತಿದ ಮೇಲೆ ಸ್ಥಳ ಬಿಡದೆ ನಿಲ್ಲುವುದೂ ಪೂರ್ತಿ ವಿದ್ಯುತ್ತಿನ ಮೇಲೆ.

ಅದು ಹೇಗೆ ಎಂದು ಹುಡುಗ ಮರಳಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದ. ಕ್ಸೆನಾನ್ ಎಂಬ ಅನಿಲ. ಗಾಳಿಯ ಒಂದು ಕೋಟಿ ಪಾಲಿನಲ್ಲಿ ಒಂದು ಪಾಲೂ ಇರದಷ್ಟು ಅಪರೂಪ, ಸುಲಭಕ್ಕೆ ಯಾವುದರ ಜೊತೆಗೂ ಬೆರೆಯದ ಸನ್ಯಾಸಿ. ಅದರ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಅದಕ್ಕೆ ವಿದ್ಯುತ್ತು ಹತ್ತುತ್ತದೆ. ಜರಡಿಯಂಥ ಎರಡು ತೂತಿನ ತಟ್ಟೆ ಇಟ್ಟು, ನಡುವೆ ಸಾವಿರ ವೋಲ್ಟ್ ಮೀರಿದ ಒತ್ತಡ ಕೊಟ್ಟರೆ, ಆ ಕಣಗಳು ಜರಡಿಯ ತೂತಿನಿಂದ ಸೆಕೆಂಡಿಗೆ 30 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ ಹೊರಗೆ ಚಿಮ್ಮುತ್ತವೆ. ಬೆಂಕಿ ಉರಿಸುವ ಉಪಗ್ರಹದ ಎಂಜಿನ್ ಸೆಕೆಂಡಿಗೆ ಮೂರು ಕಿ.ಮೀ. ದಾಟಿದರೆ ದೊಡ್ಡದು. ಹತ್ತು ಪಟ್ಟು ವೇಗವಾಗಿ ಉಗುಳಿದರೆ ಉಗುಳುವ ಸರಕು ಹತ್ತರಲ್ಲಿ ಒಂದು ಪಾಲು ಸಾಕು. ಕಿತ್ತ ಎಲೆಕ್ಟ್ರಾನ್‌ಗಳನ್ನು ಹೊರಗೆ ಹೋದ ಮೇಲೆ ಹಿಂದಿನಿಂದ ಮರಳಿ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಾರೆ, ಇಲ್ಲವಾದರೆ ಉಪಗ್ರಹವೇ ಅವನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ.

"ಅಷ್ಟ್ ಜೋರ್ ಹೊಕ್ಕಾವ ಅಂದ್ರ ತಳ್ಳೂದೂ ಜೋರ್ ಇರಬೇಕಲ್ಲಪಾ?" ಎಂದೆ.

ಅವನು ನಕ್ಕು ನನ್ನ ಪರ್ಸು ಕೇಳಿದ. ಊರಿನಿಂದ ತಂದಿದ್ದ ಹತ್ತು ರೂಪಾಯಿಯ ಎರಡು ನಾಣ್ಯ ತೆಗೆದು ನನ್ನ ಅಂಗೈಯಲ್ಲಿಟ್ಟ. "ಇಷ್ಟ ನೋಡ್ರಿ."

ಒಂದು ನಾಣ್ಯ ಏಳೂಮುಕ್ಕಾಲು ಗ್ರಾಂಗೆ ಒಂದಿಷ್ಟು ಕಡಿಮೆ. ಆ ಉಪಗ್ರಹದ ಒಂದು ಅಯಾನ್ ಎಂಜಿನ್ ಪೂರ್ತಿ ಜೋರಿನಲ್ಲಿ ಕೊಡುವ ನೂಕು ಸುಮಾರು 17 ಗ್ರಾಂ ತೂಕದಷ್ಟು. ಅದಕ್ಕೆ ನಾಲ್ಕೂವರೆ ಕಿಲೋವಾಟ್ ಕರೆಂಟು ಬೇಕು. ಎರಡು ಟನ್ನಿನ ಗಾಡಿಯನ್ನು ಎರಡು ನಾಣ್ಯ ನೂಕುವುದು! ಇಡೀ ದಿನ ಬಿಡದೆ ಊದಿದರೆ ವೇಗ ಹೆಚ್ಚುವುದು ಸೆಕೆಂಡಿಗೆ ಏಳು ಮೀಟರ್, ಜೋರಾಗಿ ಸೈಕಲ್ ತುಳಿದಷ್ಟು. ಆದರೆ ಅಲ್ಲಿ ಗಾಳಿ ಇಲ್ಲ, ಘರ್ಷಣೆ ಇಲ್ಲ, ಗಳಿಸಿದ್ದು ಕರಗುವುದಿಲ್ಲ. ನಾಳೆ ಇನ್ನೊಂದು ಏಳು, ನಾಡಿದ್ದು ಮತ್ತೊಂದು. ಆರು ತಿಂಗಳು ಹೀಗೆ.

ನಾಣ್ಯ ಕೈಯಲ್ಲೇ ಹಿಡಿದುಕೊಂಡಿದ್ದೆ. ಜನ ಎದ್ದು ನಿಂತರು. ಎಲ್ಲರ ಮೊಬೈಲೂ ನೇರಪ್ರಸಾರ ಹಾಕಿಕೊಂಡಿತ್ತು, ಆದರೆ ಪ್ರಸಾರ ಕೆಲವು ಸೆಕೆಂಡು ಹಿಂದೆ. ಮೊಬೈಲಿನಲ್ಲಿ ಇನ್ನೂ ಎಣಿಕೆ ನಡೆದಿರುವಾಗಲೇ ಎದುರಿನ ಹಸಿರ ಗೆರೆಯ ಮೇಲೆ ಕಿತ್ತಳೆ ಬಣ್ಣದ ಬೆಳಕು ಉಕ್ಕಿತು. ಹಗಲು ಹೊತ್ತಿನಲ್ಲೂ ಕಣ್ಣು ಕಿರಿದು ಮಾಡಬೇಕಾದ ಬೆಳಕು. 70 ಮೀಟರ್ ಎತ್ತರದ ಕಡ್ಡಿ ಸದ್ದಿಲ್ಲದೆ ಎದ್ದಿತು. ಒಂಬತ್ತು ಎಂಜಿನ್, ಸೀಮೆಎಣ್ಣೆಯ ಜಾತಿಯದೇ ಇಂಧನ, ದ್ರವ ಆಮ್ಲಜನಕ, ಒಟ್ಟು ನೂಕು ಏಳುನೂರು ಟನ್ನಿಗೆ ಹತ್ತಿರ. ಸದ್ದು ಮಾತ್ರ ಇಲ್ಲ. ಪೆಲಿಕನ್ ಕೂಡ ಅಲ್ಲಾಡಲಿಲ್ಲ. ನಾನು ಎಣಿಸುತ್ತಿದ್ದೆ. ನಲವತ್ತೊಂಬತ್ತೋ ಐವತ್ತೋ ಎಣಿಸುವಾಗ, ರಾಕೆಟ್ ಆಗಲೇ ಸಮುದ್ರದ ಕಡೆ ವಾಲಿದ್ದಾಗ, ಸದ್ದು ಬಂತು. ಗುಡುಗು ಎಂದರೆ ತಪ್ಪಾಗುತ್ತದೆ. ಹೊಸ ಕೋರಾ ಬಟ್ಟೆಯನ್ನು ಯಾರೋ ತಲೆಯ ಮೇಲೆ ಪರಪರ ಹರಿಯುತ್ತಿದ್ದಾರೆ ಎನಿಸಿತು, ಎದೆಯ ಗೂಡಿನಲ್ಲಿ ಅದರ ಅದುರು. ಎರಡೂವರೆ ನಿಮಿಷ ದಾಟುವುದರಲ್ಲಿ ಮೊದಲ ಹಂತದ ಕೆಲಸ ಮುಗಿಯಿತು. ಆಕಾಶದಲ್ಲಿ ಉಳಿದದ್ದು ಒಂದು ಬಿಳಿ ಗೀರು.

ಜನ ಕುರ್ಚಿ ಮಡಚಿದರು. ಹತ್ತೇ ನಿಮಿಷದಲ್ಲಿ ದಂಡೆ ಅರ್ಧ ಖಾಲಿ.

ಉಳಿದವರು ಕಾಯುತ್ತಿದ್ದದ್ದು ಬೂಸ್ಟರ್‌ಗೆ. 600 ಕಿ.ಮೀ.ಗೂ ಆಚೆ ಅಟ್ಲಾಂಟಿಕ್‌ನಲ್ಲಿ ಒಂದು ಬಾರ್ಜು ನಿಲ್ಲಿಸಿ, ಅದರ ಮೇಲೆ ರಾಕೆಟ್ಟಿನ ಕೆಳಹಂತವನ್ನು ನಿಂತ ಭಂಗಿಯಲ್ಲೇ ಇಳಿಸುವ ಸಾಹಸ. ಆ ವರ್ಷ ಏಪ್ರಿಲ್‌ನಲ್ಲಿ ಮೊದಲ ಸಲ ಗೆದ್ದಿದ್ದರು, ಮೇ ತಿಂಗಳಲ್ಲಿ ಎರಡು ಸಲ. ಅಂದು ಮೊಬೈಲಿನ ಪರದೆಯ ಮೇಲೆ ಬಾರ್ಜು ಹೊಗೆಯಲ್ಲಿ ಮುಳುಗಿತು, ಚಿತ್ರ ನಿಂತುಹೋಯಿತು. ಆಮೇಲೆ ಬಂದ ಸುದ್ದಿ: ಬಾರ್ಜಿಗಿಂತ ಸ್ವಲ್ಪವೇ ಮೇಲೆ ಇರುವಾಗ ದ್ರವ ಆಮ್ಲಜನಕ ತೀರಿ ಎಂಜಿನ್ ಆರಿತು, ಬೂಸ್ಟರ್ ಬಿದ್ದು ಒಡೆಯಿತು. "ಬಿತ್ತಂತ ಮಾಮಾ" ಎಂದ ಹುಡುಗನ ದನಿ ಭಾರತ ಮ್ಯಾಚ್ ಸೋತಂತಿತ್ತು. ಮರುದಿನದ ಸುದ್ದಿಯೂ ಅದೇ ಆಯಿತು. ಎರಡು ಉಪಗ್ರಹ ಕ್ಷೇಮವಾಗಿ ಕಳಚಿಕೊಂಡದ್ದು, 60 ಸಾವಿರ ಕಿ.ಮೀ. ಮೀರಿದ ಎತ್ತರಕ್ಕೆ ಬೀಸಿ ಎಸೆದ ಕಕ್ಷೆಯಲ್ಲಿ ರೆಕ್ಕೆ ಬಿಚ್ಚಿದ್ದು ಕೊನೆಯ ಸಾಲಿಗೆ ಹೋಯಿತು. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಊಟ ಬಿಟ್ಟು ಎಲೆ ತೆಗೆದವನ ಸುದ್ದಿ ಬರೆದಂತೆ.

ಕೆನವೆರಲ್ ಇರುವುದು ಇಪ್ಪತ್ತೆಂಟೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿಂದ ಎದ್ದದ್ದು ಓರೆಯಾಗಿಯೇ ಸುತ್ತುತ್ತದೆ. ಆ ಓರೆಯನ್ನು ಸಮಭಾಜಕದ ನೇರಕ್ಕೆ ತರುವುದು, ಮೊಟ್ಟೆಯಾಕಾರದ ದಾರಿಯನ್ನು ದುಂಡಗೆ ಮಾಡುವುದು, ಎಲ್ಲವೂ ಆ ನಾಣ್ಯದ ನೂಕಿನ ಪಾಲಿನ ಕೆಲಸ. ಶ್ರೀಹರಿಕೋಟಾ ಹದಿನಾಲ್ಕರ ಒಳಗಿರುವುದರಿಂದ ನಮ್ಮವರಿಗೆ ಈ ಹೊರೆ ಕಡಿಮೆ. ಹತ್ತುವ ಅಷ್ಟೂ ತಿಂಗಳು ಕಂಪನಿಗೆ ಒಂದು ಪೈಸೆ ಆದಾಯವಿಲ್ಲ, ಸಾಲದ ಬಡ್ಡಿ ಓಡುತ್ತಿರುತ್ತದೆ, ಭೂಮಿಯ ವಿಕಿರಣ ಪಟ್ಟಿಗಳಲ್ಲಿ ಮತ್ತೆ ಮತ್ತೆ ಹಾಯಬೇಕು. ಅವಸರ ಇರುವವರಿಗೆ ಇದು ಹೇಳಿದ ದಾರಿಯಲ್ಲ.

ಆ ಎರಡು ಉಪಗ್ರಹ ಇನ್ನೂ ಹತ್ತುತ್ತಿರುವಾಗಲೇ, ಸೆಪ್ಟೆಂಬರ್ 1ರಂದು, ಅದೇ 40ನೇ ಕಟ್ಟೆಯಲ್ಲಿ ಇನ್ನೊಂದು ಫಾಲ್ಕನ್ ಪರೀಕ್ಷೆಗೆಂದು ಇಂಧನ ತುಂಬುವಾಗ ಸಿಡಿದು, ತಲೆಯ ಮೇಲಿದ್ದ ಇಸ್ರೇಲಿನ ಉಪಗ್ರಹವೂ ಸುಟ್ಟುಹೋಯಿತು. ಕಟ್ಟೆ ಮತ್ತೆ ಕೆಲಸಕ್ಕೆ ಬಂದದ್ದು 2017ರ ಡಿಸೆಂಬರ್‌ನಲ್ಲಿ. ನಮ್ಮ ಎರಡು ಉಪಗ್ರಹ ಅದಕ್ಕೆ ಮೊದಲೇ, ಆ ವರ್ಷದ ಜನವರಿಯಲ್ಲಿ, ದುಡಿಮೆಗೆ ಇಳಿದಿದ್ದವು. 2017ರ ಮೇ 5ರಂದು ನಮ್ಮ ಇಸ್ರೊ ಕೂಡ ಜಿಸ್ಯಾಟ್-9ರಲ್ಲಿ ಕ್ಸೆನಾನಿನ ಎಂಜಿನ್ ಇಟ್ಟು ಪರೀಕ್ಷೆಗೆ ಕಳಿಸಿತು. ಹಾಸನದಲ್ಲಿ ಕುಳಿತು ಉಪಗ್ರಹ ನಡೆಸುವವರಿಗೂ ಅದು ಹೊಸ ಪಾಠವೇ. 2024ರ ನವೆಂಬರ್‌ನಲ್ಲಿ 4,700 ಕೆ.ಜಿ.ಯ ಜಿಸ್ಯಾಟ್-ಎನ್2 ನಮ್ಮ ರಾಕೆಟ್ಟಿಗೆ ಭಾರವಾಗಿ, ಫಾಲ್ಕನ್ ಹತ್ತಿ ಹೋದದ್ದೂ ಆ 40ನೇ ಕಟ್ಟೆಯಿಂದಲೇ.

ಹೋಗುವವರಿಗೆ ಎರಡು ಮಾತು. ಉಡಾವಣೆ ಮುಂದೆ ಹೋಗುವುದು ಅಲ್ಲಿ ದಿನದ ಮಾತು, ಆದ್ದರಿಂದ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು ಟಿಕೆಟ್ ಮಾಡಿಸಿ. ಜೆಟ್ಟಿ ಪಾರ್ಕ್‌ಗೆ ದುಡ್ಡು ಕೊಟ್ಟು ಹೋಗಬೇಕು. ವಯಸ್ಸಾದವರಿದ್ದರೆ ಹಿನ್ನೀರಿನ ಆಚೆ ಟೈಟಸ್‌ವಿಲ್‌ನ ಸ್ಪೇಸ್ ವ್ಯೂ ಪಾರ್ಕ್ ವಾಸಿ, ಐದಾರು ಕಿ.ಮೀ. ಹೆಚ್ಚು ದೂರವಾದರೂ ಕುಳಿತು ನೋಡಬಹುದು. ಟೊಪ್ಪಿಗೆ, ನೀರು ಮರೆಯಬೇಡಿ.

ಧಾರವಾಡದವರು ಅಷ್ಟು ದೂರ ಹೋಗದಿದ್ದರೂ ನಡೆಯುತ್ತದೆ. ಎಬಿಎಸ್-2ಎ ನಿಂತಿರುವುದು 75 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನಮ್ಮ ಊರೂ ಅದೇ ಗೆರೆಯ ಮೇಲಿದೆ. ಮಾಳಿಗೆಯ ಮೇಲೆ ನಿಂತು ದಕ್ಷಿಣಕ್ಕೆ ಮುಖ ಮಾಡಿ, ಕತ್ತು 72 ಡಿಗ್ರಿ ಮೇಲೆತ್ತಿ. ಕಣ್ಣಿಗೆ ಕಾಣುವುದಿಲ್ಲ, ಆದರೆ ಅಲ್ಲೇ ಇದೆ.