ನೋವು ನಿಂತಿತು, ಹಲ್ಲು ಸತ್ತಿತು

ಜುಲೈ ಮಳೆಗೆ ಭಾಗಮಂಡಲ, ನಾಪೋಕ್ಲು ಕಡೆಯ ರಸ್ತೆಗಳ ಮೇಲೆ ಹೊಳೆ ನೀರು ಹರಿಯುವುದು ಕೊಡಗಿನವರಿಗೆ ಹೊಸದಲ್ಲ. ಅಂಥ ರಾತ್ರಿ ದವಡೆ ಹಲ್ಲು ಸಿಡಿಯತೊಡಗಿದರೆ ಕೈಗೆ ಸಿಗುವುದು ಲವಂಗ, ಉಪ್ಪುನೀರು ಮತ್ತು ಕಪಾಟಿನಲ್ಲಿ ಉಳಿದ ಯಾವುದೋ ಮಾತ್ರೆ. ಬೆಳಗಾಗುವಷ್ಟರಲ್ಲಿ ನೋವು ತುಸು ಇಳಿದಿರುತ್ತದೆ. ಮಳೆ ನಿಲ್ಲಲಿ, ನೋಡೋಣ ಎಂದು ಪೇಟೆಯ ಪ್ರಯಾಣ ಮುಂದಕ್ಕೆ ಹೋಗುತ್ತದೆ.

ರಾತ್ರಿಯೇ ಏಕೆ ಹೆಚ್ಚು? ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳಿದೆ. ಸುತ್ತಲೂ ಗಟ್ಟಿ ಗೋಡೆ. ಕೈಗೆ ಏಟಾದರೆ ಬಾವು ಹೊರಕ್ಕೆ ಉಬ್ಬುತ್ತದೆ. ಹಲ್ಲಿನೊಳಗೆ ಆ ಜಾಗವಿಲ್ಲ, ಒತ್ತಡವೆಲ್ಲ ನರದ ಮೇಲೆ. ಮಲಗಿದಾಗ ತಲೆಯ ಕಡೆ ರಕ್ತ ಹೆಚ್ಚು ಹರಿದು ಸಿಡಿತ ಇಮ್ಮಡಿಸುತ್ತದೆ. ಎರಡು ದಿಂಬು ಏರಿಸಿಕೊಂಡರೆ ಸ್ವಲ್ಪ ತಡೆದುಕೊಳ್ಳಬಹುದು.

ಹುಳುಕಿಗೆ ಕಾರಣ ಹುಳವಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆಮ್ಲ ಎನಾಮಲ್ ಕರಗಿಸುತ್ತದೆ. ಎಷ್ಟು ಸಿಹಿ ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಎನ್ನುವುದು ಮುಖ್ಯ. ಇಲ್ಲಿನವರ ಬೆಲ್ಲದ ಕಾಫಿ ಒಂದೇ ಸಲಕ್ಕೆ ಮುಗಿದರೆ ಎಂಜಲು ಆ ಹಾನಿಯನ್ನು ತಕ್ಕಮಟ್ಟಿಗೆ ಸರಿಪಡಿಸುತ್ತದೆ. ದಿನವಿಡೀ ಗುಟುಕರಿಸುತ್ತಿದ್ದರೆ ಅದಕ್ಕೆ ಬಿಡುವೇ ಸಿಗದು. (ಕಾಫಿ ಬಿಡಿ ಎಂದು ಕೊಡಗಿನಲ್ಲಿ ಹೇಳುವ ಧೈರ್ಯ ಯಾರಿಗಿದೆ!)

ನೆಲಗುಳ್ಳದ ಬೀಜದ ಹೊಗೆ ಹಿಡಿದು ‘ಹುಳ’ ಬೀಳಿಸುವ ಮದ್ದು ನಮ್ಮಲ್ಲಿ ಹಳೆಯದು. ಯುರೋಪಿನಲ್ಲೂ ಬೇರೊಂದು ಗಿಡದ ಬೀಜದಿಂದ ಇದೇ ಆಟ ನಡೆದಿತ್ತು. ಕಾವಿಗೆ ಒಡೆದ ಬೀಜದಿಂದ ಹೊರಬಂದ ಬಿಳಿ ಮೊಳಕೆಯನ್ನೇ ಜನ ಹುಳವೆಂದು ನಂಬಿದ್ದರು. ಲವಂಗದ ಮಾತು ಬೇರೆ. ಅದರಲ್ಲಿರುವ ಯೂಜಿನಾಲ್ ನಿಜಕ್ಕೂ ನರವನ್ನು ಜೋಮುಗಟ್ಟಿಸುತ್ತದೆ. ಸತುವಿನ ಆಕ್ಸೈಡ್ ಜೊತೆ ಕಲಸಿ ದಂತವೈದ್ಯರೂ ಅದನ್ನು ತಾತ್ಕಾಲಿಕ ತುಂಬುವಿಕೆಗೆ ಬಳಸುತ್ತಾರೆ. ಆದರೆ ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿಡುವುದು ಅಪಾಯ. ವಸಡು ಸುಟ್ಟು ಬೆಳ್ಳಗಾಗುತ್ತದೆ.

ತಣ್ಣೀರು ತಾಗಿದಾಗ ಚುಳುಕ್ಕೆಂದು ಕೆಲವೇ ಸೆಕೆಂಡಿನಲ್ಲಿ ಮಾಯವಾಗುವ ನೋವಿದ್ದರೆ ಸಾಮಾನ್ಯವಾಗಿ ತಿರುಳು ಉಳಿಯುತ್ತದೆ, ತೂತು ತುಂಬಿಸಿದರೆ ಸಾಕು. ಬಿಸಿಗೆ ಕೆರಳಿ, ನಿಮಿಷಗಟ್ಟಲೆ ಸಿಡಿದು, ನಿದ್ದೆಯಿಂದ ಎಬ್ಬಿಸಿದರೆ ರೂಟ್ ಕೆನಾಲ್ ಅಥವಾ ಕೀಳಿಸುವುದೇ ದಾರಿ.

ಇಲ್ಲೇ ಮೋಸವಿರುವುದು. ಒಂದು ದಿನ ನೋವು ತಾನಾಗಿಯೇ ನಿಲ್ಲುತ್ತದೆ. ವಾಸಿಯಾಯಿತೆಂದು ಮನೆಯವರು ನಿರಾಳ. ನಿಜದಲ್ಲಿ ತಿರುಳು ಸತ್ತಿದೆ, ದೂರು ಹೇಳುವ ನರವೇ ಇಲ್ಲ. ಸೋಂಕು ಮಾತ್ರ ಬೇರಿನ ತುದಿ ದಾಟಿ ಮೂಳೆಗೆ ಇಳಿದು ಕೀವಾಗುತ್ತಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯೋಟಿಕ್ ಇದಕ್ಕೆ ಉತ್ತರವಲ್ಲ. ಸತ್ತ ತಿರುಳಿನೊಳಗೆ ರಕ್ತವೇ ಹರಿಯದಿರುವಾಗ ಔಷಧಿ ತಲುಪುವುದು ಹೇಗೆ?

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಲೈನ್‌ಮನೆಯವರಿಗೆ ಒಂದು ದಿನ ಪೇಟೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅದಕ್ಕೇ ಅಲ್ಲಿ ನೋವು ನಿಂತದ್ದೇ ಭಾಗ್ಯ. ವಿಚಿತ್ರವೆಂದರೆ, ಈ ಪುಟ್ಟ ಜಿಲ್ಲೆಗೆ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ವಿರಾಜಪೇಟೆಯ ಮಗ್ಗುಲದಲ್ಲಿ ದಂತ ವೈದ್ಯಕೀಯ ಕಾಲೇಜು 1999ರಲ್ಲೇ ಶುರುವಾಗಿತ್ತು. ಕುರ್ಚಿಗಳಿವೆ, ಕಲಿಯುವ ಕೈಗಳಿವೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ರಾಜ್ಯ ಸರ್ಕಾರದ ದಂತಭಾಗ್ಯ ಒಳ್ಳೆಯದೇ, ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಮಾತು.

ರಸ್ತೆ ಮುಚ್ಚಿದ ರಾತ್ರಿಗೆ ಪ್ಯಾರಸಿಟಮಾಲ್ ಸಾಕಾದೀತು. ಮಳೆಗಾಲದ ಜ್ವರವೂ ಇದ್ದರೆ ಐಬುಪ್ರೊಫೆನ್ ಬೇಡ. ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿಯಾದೀತು. ಕೆಳದವಡೆಯ ನೋವಿನೊಂದಿಗೆ ಬೆವರು, ಎದೆಬಿಗಿತ ಬಂದರೆ ಅದು ಹೃದಯದ್ದಿರಬಹುದು. ಗಲ್ಲ ಊದಿ ಬಾವು ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಮಳೆ ನಿಲ್ಲಲೆಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡಬೇಕು.