ಹಸ್ತಪ್ರತಿ ಕಮ್ಮಟಕ್ಕೆ ಸಂಪ್ರಬಂಧವನ್ನು ಸಿದ್ಧಪಡಿಸುವ ಕ್ರಮ

ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿ ಸ್ಥಾಪನೆಗೊಂಡ ಬಳಿಕ ಹಸ್ತಪ್ರತಿಶಾಸ್ತ್ರಕ್ಕೆಂದೇ ಅಲ್ಲಿ ಪ್ರತ್ಯೇಕ ವಿಭಾಗವೊಂದು ಏರ್ಪಟ್ಟಿತು. ಸಮ್ಮೇಳನ, ಕಮ್ಮಟಗಳ ನಿಮಿತ್ತ ಹೊಸಪೇಟೆಯಲ್ಲಿ ಇಳಿದು ಅಲ್ಲಿಗೆ ಹೋಗುವ ರೂಢಿ ನಮ್ಮ ಪಂಡಿತರಿಗೂ ಬಂದಿದೆ. ಆದರೆ ಶಾಸ್ತ್ರಪರಿಶ್ರಮದಲ್ಲಿ ಯಾರಿಗೂ ಕಡಿಮೆಯಲ್ಲದ ನಮ್ಮವರ ಸಂಪ್ರಬಂಧಗಳು ಇಂಥ ಸಭೆಗಳಲ್ಲಿ ಎಷ್ಟೋ ವೇಳೆ ಪ್ರವಚನಗಳಾಗಿ ಮುಗಿದುಬಿಡುತ್ತವೆ. ಇದಕ್ಕೆ ಕಾರಣ ವಿಷಯದ ಕೊರತೆಯಲ್ಲ. ಹೇಳಿದ ಮಾತನ್ನು ಇನ್ನೊಬ್ಬರು ಮೂಲಪ್ರತಿಯ ಬಳಿಗೆ ಹೋಗಿ ಪರೀಕ್ಷಿಸುವುದಕ್ಕೆ ಬೇಕಾದ ವಿವರವನ್ನು ನಾವು ಕೊಡುವುದಿಲ್ಲ.

ಆ ವಿವರದ ಬೆಲೆ ಎಷ್ಟೆಂಬುದನ್ನು ನಮ್ಮ ಪರಮಾಗಮದ ಪ್ರಕಟಣೆಯ ಇತಿಹಾಸವೇ ತೋರಿಸಿಕೊಟ್ಟಿದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಉಳಿದುಬಂದ ಧವಲಾ ಟೀಕಾಸಹಿತ ಷಟ್ಖಂಡಾಗಮವನ್ನು ಪ್ರೊ. ಹೀರಾಲಾಲ ಜೈನರು 1939ರಿಂದ ಪ್ರಕಟಿಸತೊಡಗಿದಾಗ ಅವರ ಕೈಯಲ್ಲಿದ್ದುದು ಮೂಲ ಓಲೆಗಳಲ್ಲ. ಅವುಗಳಿಂದ ಇಳಿದುಬಂದ ಅಮರಾವತಿ, ಕಾರಂಜಾ, ಆರಾ ಮೊದಲಾದ ಊರುಗಳ ಕಾಗದದ ಪ್ರತಿಗಳು. ಜೀವಸ್ಥಾನದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿ ಇರಲಿಲ್ಲ. ಅರ್ಥಸಂಗತಿಗೆ ಆ ಪದ ಅವಶ್ಯವೆಂದು ಕಂಡರೂ ಸಂಪಾದಕರು ಅದನ್ನು ಸೂತ್ರದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸೂತ್ರವು ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವುದರಿಂದ ದ್ರವ್ಯವೇದ, ಭಾವವೇದ, ಸ್ತ್ರೀಮುಕ್ತಿಗಳ ಪ್ರಶ್ನೆ ಎದ್ದು ದಿಗಂಬರ ವಿದ್ವಾಂಸರಲ್ಲಿ ತೀವ್ರವಾದ ವಾದ ನಡೆಯಿತು. ಮುಂದೆ ಮೂಡಬಿದಿರೆಯ ಓಲೆಗಳೊಡನೆ ಪಾಠವನ್ನು ಹೋಲಿಸಿದಾಗ ಆ ಪದ ಅಲ್ಲಿ ಇದ್ದುದು ಕಂಡುಬಂದಿತು.

ಸಿದ್ಧಾಂತದ ವಿಚಾರ ಇಲ್ಲಿ ಪ್ರಸ್ತುತವಲ್ಲ. ನಾವು ಗಮನಿಸಬೇಕಾದುದು ಸಂಪಾದಕರ ನಡೆಯನ್ನು. ತಮ್ಮ ಊಹೆ ಸರಿಯಾಗಿದ್ದರೂ ಅವರು ಅದನ್ನು ಮೂಲದಲ್ಲಿ ಬೆರೆಸಲಿಲ್ಲ. ಸದ್ದಿಲ್ಲದೆ ಬೆರೆಸಿದ್ದರೆ ಆ ಪ್ರತಿಗಳಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಓದುಗರಿಗೆ ತಿಳಿಯುತ್ತಲೇ ಇರಲಿಲ್ಲ. ಪ್ರತಿಯಲ್ಲಿ ಇರುವುದು ಬೇರೆ, ನಾವು ಸೂಚಿಸುವುದು ಬೇರೆ; ಇವೆರಡರ ನಡುವಿನ ಗೆರೆ ಸಂಪ್ರಬಂಧದ ಪ್ರತಿ ಪುಟದಲ್ಲಿಯೂ ಕಾಣಬೇಕು.

ಆದ್ದರಿಂದ ಮೊದಲು ಪ್ರತಿಯ ಪರಿಚಯವನ್ನು ಬರೆಯಬೇಕು. ಅದು ಯಾವ ಭಂಡಾರದ್ದು, ಅಲ್ಲಿಯ ಸಂಖ್ಯೆ ಯಾವುದು, ಗರಿಗಳೆಷ್ಟು, ಅವುಗಳ ಉದ್ದ ಅಗಲವೆಷ್ಟು, ಒಂದೊಂದು ಬದಿಗೆ ಸಾಲುಗಳೆಷ್ಟು, ಆದ್ಯಂತ ಪೂರ್ಣವಾಗಿದೆಯೆ, ನಡುವೆ ಗ್ರಂಥಪಾತವುಂಟೆ, ಪುಷ್ಪಿಕೆಯಲ್ಲಿ ಲಿಪಿಕಾರನ ಹೆಸರಿದೆಯೆ ಎಂಬುದೆಲ್ಲ ಅದರಲ್ಲಿ ಬರಬೇಕು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ 1948ರಲ್ಲಿ ಪ್ರಕಟವಾಯಿತು. ಅದರ ಸಂಖ್ಯೆಯನ್ನು ಕೊಡುವವರು ಭಂಡಾರದಲ್ಲಿ ಈಗ ಕಟ್ಟಿನ ಮೇಲಿರುವ ಸಂಖ್ಯೆಯನ್ನೂ ಕೊಡುವುದು ಮೇಲು. ಎರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಹಿಂದೊಮ್ಮೆ ನಾನು ಒಂದು ಪಾಠವನ್ನು ‘ತಾಡವೋಲೆಯ ಪ್ರತಿಯಲ್ಲಿ ಹೀಗಿದೆ’ ಎಂದಷ್ಟೇ ಬರೆದು ಓದಿದ್ದೆ. ಸಭೆಯಲ್ಲಿದ್ದ ತರುಣರೊಬ್ಬರು ಯಾವ ಗರಿ, ಯಾವ ಬದಿ ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಹತ್ತು ವರ್ಷಗಳ ಹಿಂದೆ ಮಾಡಿಕೊಂಡಿದ್ದ ಕಾಗದದ ನಕಲಿನಿಂದ ಅದನ್ನು ಎತ್ತಿಕೊಂಡಿದ್ದೆ.

ಅಕ್ಷರದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನಮ್ಮ ಓಲೆಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದ ಸಾಮಾನ್ಯವಾಗಿ ಕಾಣುವುದಿಲ್ಲ. ದಕಾರ ಧಕಾರಗಳನ್ನು ಲಿಪಿಕಾರರು ಅನೇಕ ವೇಳೆ ಒಂದೇ ರೂಪದಲ್ಲಿ ಬರೆದಿರುತ್ತಾರೆ. ಇವನ್ನು ಓದುವಾಗ ನಾವು ಅಭ್ಯಾಸಬಲದಿಂದ ತಿದ್ದಿಕೊಳ್ಳುತ್ತೇವೆ. ಸಂಪ್ರಬಂಧದಲ್ಲಿ ಯಾವುದನ್ನು ಹೀಗೆ ಮೌನವಾಗಿ ತಿದ್ದಲಾಗಿದೆ ಎಂಬುದನ್ನು ಮೊದಲಲ್ಲೇ ಒಂದು ವಾಕ್ಯದಲ್ಲಿ ಹೇಳಿಬಿಡಬೇಕು. ಉಳಿದ ತಿದ್ದುಪಾಡುಗಳಿಗೆ ಸಂಕೇತಗಳಿರಲಿ: ಹರಿದ ಅಥವಾ ಮಾಸಿದ ಕಡೆ ಊಹಿಸಿ ತುಂಬಿದ ಅಕ್ಷರಕ್ಕೆ ಚೌಕ ಕಂಸ, ಸೂಚಿಸುವ ಶುದ್ಧಪಾಠಕ್ಕೆ ದುಂಡು ಕಂಸ, ಓದಲಾಗದ ಅಕ್ಷರಗಳಿಗೆ ಅಷ್ಟೇ ಸಂಖ್ಯೆಯ ಚುಕ್ಕಿಗಳು. ಬೇರೆ ಸಂಕೇತಗಳನ್ನು ಬಳಸುವವರು ಬಳಸಲಿ, ನಡುವೆ ಬದಲಾಯಿಸದಿದ್ದರೆ ಸಾಕು. ಪಾಠನಿರ್ಣಯದ ತತ್ತ್ವಗಳಿಗೆ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಇಂದಿಗೂ ನಂಬತಕ್ಕ ಕೈದೀವಿಗೆ.

ಕಾಲನಿರ್ದೇಶದಲ್ಲಿ ಆಗುವ ತಪ್ಪಿಗೆ ಹಂಪಿಯಲ್ಲೇ ಉದಾಹರಣೆಯಿದೆ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ, ಜನರು ಗಾಣಗಿತ್ತಿ ಗುಡಿಯೆಂದು ಕರೆಯುವ ಕುಂಥು ಜಿನನಾಥ ಚೈತ್ಯಾಲಯವಿದೆ. ಅದನ್ನು ಕಟ್ಟಿಸಿದವನು ಇಮ್ಮಡಿ ಹರಿಹರನ ದಂಡನಾಯಕನೂ ‘ನಾನಾರ್ಥರತ್ನಮಾಲಾ’ ಎಂಬ ಕೋಶದ ಕರ್ತೃವೂ ಆದ ಇರುಗಪ್ಪ. ಎದುರಿನ ಕಂಬದ ಸಂಸ್ಕೃತ ಶಾಸನದ ಕಾಲ ಶಕವರ್ಷ 1307, ಕ್ರೋಧನ ಸಂವತ್ಸರ. ಶಕಸಂಖ್ಯೆಗೆ 78 ಕೂಡಿಸಿ ಕ್ರಿ.ಶ. 1385 ಎಂದು ಬರೆಯುವುದು ರೂಢಿಯಾಗಿದೆ. ಆದರೆ ಶಾಸನದಲ್ಲಿರುವುದು ಫಾಲ್ಗುನ ಬಹುಳ ದ್ವಿತೀಯೆ, ಶುಕ್ರವಾರ. ಸಂವತ್ಸರದ ಕೊನೆಯ ಮಾಸವಾದುದರಿಂದ ಅದು ಕ್ರಿ.ಶ. 1386ರ ಫೆಬ್ರವರಿ 16ಕ್ಕೆ ಬರುತ್ತದೆ, ಅಂದು ಶುಕ್ರವಾರವೇ. ಪುಷ್ಪಿಕೆಗಳಲ್ಲಿಯೂ ಪುಷ್ಯ, ಮಾಘ, ಫಾಲ್ಗುನಗಳು ಬಂದಾಗ ಹೀಗೆಯೇ ಲೆಕ್ಕ ನೋಡಬೇಕು. ಶಕ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಪ್ರತಿಯಲ್ಲಿದ್ದಂತೆ ಬರೆದು, ಕ್ರಿಸ್ತಶಕವನ್ನು ಅನಂತರ ಕೊಡಬೇಕು. ನಮ್ಮ ಲೆಕ್ಕ ತಪ್ಪಿದರೂ ಆಗ ಇನ್ನೊಬ್ಬರು ತಿದ್ದಬಹುದು.

ಸ್ಥಳನಾಮಗಳಲ್ಲಿಯೂ ಮೂಲರೂಪವೇ ಮೊದಲು ಬರಬೇಕು. ಇಮ್ಮಡಿ ದೇವರಾಯನು 1426ರಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದ ಬೀದಿಯನ್ನು ಶಾಸನವು ಕ್ರಮುಕಪರ್ಣಾಪಣವೆಂದು ಕರೆಯುತ್ತದೆ; ಅದು ಎಲೆಯಡಕೆಯ ಅಂಗಡಿಬೀದಿ. ಕಂಪಿಲಿ ಇಂದಿನ ಕಂಪ್ಲಿ. ತಾಲ್ಲೂಕು ಜಿಲ್ಲೆಗಳನ್ನು ನಂಬಿ ಆಧಾರ ಕೊಡುವುದು ಈ ಸೀಮೆಯಲ್ಲಿ ಅಪಾಯಕರ. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತು. ಸಂಡೂರು ಪ್ರತ್ಯೇಕ ಸಂಸ್ಥಾನವಾಗಿದ್ದು 1949ರಲ್ಲಿ ವಿಲೀನಗೊಂಡಿತು. 2021ರಲ್ಲಿ ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಗೆ ಹೋದವು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ರೈಸರ ಮೈಸೂರು ಶಾಸನಸಂಪುಟಗಳಲ್ಲಿ ಹುಡುಕಿ ಇಲ್ಲಿಯ ಶಾಸನ ದೊರೆಯಲಿಲ್ಲವೆಂದು ಬರೆಯುವವರು ದಕ್ಷಿಣ ಭಾರತ ಶಾಸನಸಂಪುಟಗಳನ್ನೂ ಕನ್ನಡ ವಿಶ್ವವಿದ್ಯಾಲಯದ ಶಾಸನಸಂಪುಟಗಳನ್ನೂ ನೋಡಿರುವುದಿಲ್ಲ. ಸಂಪುಟ ಮತ್ತು ಶಾಸನದ ಸಂಖ್ಯೆಯನ್ನು ಕೊಟ್ಟರೆ ಜಿಲ್ಲೆ ಬದಲಾದರೂ ಆಧಾರ ಕೆಡುವುದಿಲ್ಲ.

ಬಾಹ್ಯರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪುಟಮಿತಿ, ಅಕ್ಷರದ ಗಾತ್ರ, ಕಳುಹಿಸುವ ಅವಧಿಗಳನ್ನು ಆಹ್ವಾನದಲ್ಲಿ ತಿಳಿಸಿರುತ್ತಾರೆ. ಶೀರ್ಷಿಕೆ ಕಿರಿದಾದ ವಿಷಯವನ್ನು ಹೇಳಲಿ: ‘ವಿಜಯನಗರ ಕಾಲದ ಜೈನ ಸಾಹಿತ್ಯ’ ಗ್ರಂಥದ ಹೆಸರಾದೀತು, ಸಂಪ್ರಬಂಧದ್ದಲ್ಲ. ಅಚ್ಚಿಗೆ ಕೊಡುವ ಪ್ರತಿಯನ್ನೇ ಸಭೆಯಲ್ಲಿ ಓದತೊಡಗಿದರೆ ಪೀಠಿಕೆಯಲ್ಲಿಯೇ ಗಂಟೆ ಬಾರಿಸುತ್ತಾರೆ, ಮುಖ್ಯ ಪಾಠಾಂತರ ಕೊನೆಯ ಪುಟದಲ್ಲಿಯೇ ಉಳಿಯುತ್ತದೆ. ಓದುವುದಕ್ಕೆ ಬೇರೆಯೇ ಸಂಗ್ರಹ ಮಾಡಿಕೊಳ್ಳಬೇಕು. ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಸುವವರು ಯೂನಿಕೋಡ್ ಅಕ್ಷರಗಳನ್ನೇ ಬಳಸಲಿ. ಅದರಲ್ಲಿ ೞ, ಱ ಎರಡಕ್ಕೂ ಸ್ಥಾನವಿದೆ. ಆದರೂ ಬೆರಳಚ್ಚು ಮಾಡುವವರು ೞಕ್ಕೆ ಳ, ಱಕ್ಕೆ ರ ಹಾಕಿಬಿಡುವುದು ಅಪರೂಪವಲ್ಲ. ಆದಕಾರಣ ಕಾಗದದ ಮೇಲೆ ಅಚ್ಚು ತೆಗೆಸಿ, ಪರದೆಯ ಮೇಲಲ್ಲ, ಗರಿಯನ್ನೋ ಅದರ ಛಾಯಾಚಿತ್ರವನ್ನೋ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು.

ಗರಿಯ ಛಾಯಾಚಿತ್ರವನ್ನು ಸಂಪ್ರಬಂಧಕ್ಕೆ ಲಗತ್ತಿಸುವುದಾದರೆ ಬಸದಿಯ ಅಥವಾ ಮಠದ ಅನುಮತಿಯನ್ನು ಬರಹದಲ್ಲಿ ಪಡೆದು, ಆ ಸಂಗತಿಯನ್ನು ಚಿತ್ರದ ಕೆಳಗೆ ನಮೂದಿಸಬೇಕು. ಗರಿಯ ಎರಡೂ ಬದಿಗಳನ್ನು, ಅಂಚಿನಲ್ಲಿರುವ ಗರಿಯ ಸಂಖ್ಯೆ ಕಾಣುವಂತೆ, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತೆಗೆಸಬೇಕು. ಕಮ್ಮಟ ಮುಗಿದ ಮೇಲೆ ಸಂಪ್ರಬಂಧದ ಒಂದು ಪ್ರತಿಯನ್ನು ಆ ಭಂಡಾರಕ್ಕೆ ಕಳುಹಿಸಿಕೊಟ್ಟರೆ ಮುಂದಿನ ಓದುಗನು ಅದನ್ನು ಓಲೆಯ ಕಟ್ಟಿನ ಜೊತೆಯಲ್ಲಿಯೇ ಕಾಣುತ್ತಾನೆ.