ಇಂಗ್ಲಿಷಿನ ಜೋಡಿ ಕ್ರಿಯಾಪದಗಳು

ಒಂದು ಭಾಷೆಯನ್ನು ಬಲ್ಲೆವೆಂಬ ಹಮ್ಮು ಒಂದು ಚಿಕ್ಕ ಪದದ ಮುಂದೆ ಇಳಿದುಹೋಗುವುದುಂಟು. ನಮ್ಮ ಅನುಭವಕ್ಕೆ ಬಂದ ಅಂಥದೊಂದು ಪ್ರಸಂಗವನ್ನು ಸದ್ಭಕ್ತರ ಮುಂದಿಡುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಬೆಳಗಿನ ಲಿಂಗಪೂಜೆ ಮುಗಿಸಿ ಕುಳಿತಿದ್ದೆವು. ನೆರೆಮನೆಯ ಹಿರಿಯರು ಮೊಬೈಲು ಹಿಡಿದು ನಡುಗುತ್ತ ಬಂದರು. ಪರದೇಶದಲ್ಲಿದ್ದ ಅವರ ಮಗನಿಗೆ ಹಿಂದಿನ ದಿನ ದೊಡ್ಡ ಶಸ್ತ್ರಚಿಕಿತ್ಸೆ ನಡೆದಿತ್ತು. ಅಲ್ಲಿಯ ಗೆಳೆಯನೊಬ್ಬ ಕಳುಹಿಸಿದ ಸಂದೇಶದಲ್ಲಿ ನಾಲ್ಕೇ ಪದಗಳಿದ್ದವು: ‘ಹಿ ಹ್ಯಾಸ್ ಪುಲ್ಡ್ ಥ್ರೂ.’ ಮರಳಿ ಕರೆ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಇದರ ಅರ್ಥವೇನೆಂದು ಹಿರಿಯರು ಕೇಳಿದರು.

ನಾವು ಮಠದ ಪಾಠಶಾಲೆಯಲ್ಲಿ ಬೆಳೆದವರು. ಇಂಗ್ಲಿಷನ್ನು ವ್ಯಾಕರಣದಿಂದಲೂ ನಿಘಂಟಿನಿಂದಲೂ ಕಲಿತವರು. ‘ಪುಲ್’ ಎಂದರೆ ಎಳೆ, ‘ಥ್ರೂ’ ಎಂದರೆ ಮೂಲಕ ಅಥವಾ ಆಚೆಗೆ. ಎರಡನ್ನೂ ಕೂಡಿಸಿದರೆ, ಆಚೆಗೆ ಎಳೆದುಕೊಂಡು ಹೋಯಿತು ಎಂದಲ್ಲದೆ ಮತ್ತೇನು? ನಮಗೆ ಮಾತು ಹೊರಡಲಿಲ್ಲ. ನಮ್ಮ ಮೌನವನ್ನೇ ಅವರು ಉತ್ತರವೆಂದು ತಿಳಿದರು. ಹಿಂದೆಯೇ ಬಂದಿದ್ದ ತಾಯಿ ಹೊಸ್ತಿಲಲ್ಲಿಯೇ ಕುಸಿದರು. ಅಳು ಕೇಳಿ ಓಡಿಬಂದ ಅವರ ಮಗಳ ಮಗಳು, ಕಾಲೇಜು ಓದುವ ಹುಡುಗಿ, ಸಂದೇಶವನ್ನು ಒಮ್ಮೆ ನೋಡಿ ಕೂಗಿದಳು: ‘ಅಜ್ಜಾ, ಅಳಬ್ಯಾಡ್ರಿ. ಮಾಮಾ ಪಾರಾಗ್ಯಾರ!’

ಮಧ್ಯಾಹ್ನ ಆ ಮಗನೇ ಮಾತನಾಡಿದಾಗ ಎಲ್ಲರ ಜೀವ ಮರಳಿತು. ಆದರೆ ಎರಡು ಪದಗಳ ಅರ್ಥವನ್ನೂ ಬಲ್ಲ ನಾವು ಅವುಗಳ ಜೋಡಿಯನ್ನು ಅರಿಯದೆ ಒಂದು ತಾಯಿಯನ್ನು ಅಳಿಸಿದೆವಲ್ಲ ಎಂಬ ನೋವು ಉಳಿಯಿತು. ಆ ದಿನದಿಂದ ಈ ವಿಷಯವನ್ನು ಹೊಸದಾಗಿ ಕಲಿಯತೊಡಗಿದೆವು.

ಇಂಥ ಜೋಡಿಗಳಿಗೆ ಇಂಗ್ಲಿಷ್ ವೈಯಾಕರಣರು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ಒಂದು ಸರಳ ಕ್ರಿಯಾಪದದ ಬೆನ್ನಿಗೆ ಅಪ್, ಡೌನ್, ಆನ್, ಆಫ್, ಔಟ್ ಮುಂತಾದ ಚಿಕ್ಕ ಪದ ಸೇರಿ ಬೇರೆಯೇ ಅರ್ಥ ಹುಟ್ಟುತ್ತದೆ. ಪರಭಾಷಿಕರಿಗೆ ಇಂಗ್ಲಿಷಿನಲ್ಲಿ ಅತ್ಯಂತ ತೊಡಕಾಗುವುದು ಇದೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1755ರ ನಿಘಂಟಿನ ಮುನ್ನುಡಿಯಲ್ಲಿ ಹೇಳಿದ್ದಾನೆ. ಇಂಗ್ಲಿಷರ ಮಹಾನಿಘಂಟುಕಾರನೇ ಒಪ್ಪಿದ ಕಷ್ಟಕ್ಕೆ ನಮ್ಮ ಮಕ್ಕಳು ನಾಚಬೇಕಾಗಿಲ್ಲ.

ಹಾಗೆ ನೋಡಿದರೆ ಇದು ನಮಗೆ ಅಪರಿಚಿತವೂ ಅಲ್ಲ. ಸಂಸ್ಕೃತದಲ್ಲಿ ಉಪಸರ್ಗಗಳಿವೆ. ‘ಹಾರ’ ಎಂಬುದರ ಮುಂದೆ ‘ಪ್ರ’ ಬಂದರೆ ಪ್ರಹಾರ, ಅಂದರೆ ಪೆಟ್ಟು. ‘ಆ’ ಬಂದರೆ ಆಹಾರ. ‘ವಿ’ ಬಂದರೆ ವಿಹಾರ. ‘ಸಂ’ ಬಂದರೆ ಸಂಹಾರ. ಅಲ್ಲಿ ಅದು ಮುಂದೆ ಬಂದು ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹಿಂದೆ ಬಂದು ಬೇರೆಯಾಗಿ ನಿಲ್ಲುತ್ತದೆ. ಇನ್ನು ನಮ್ಮ ಕನ್ನಡದ ‘ಕೈ’ಯನ್ನೇ ನೋಡಿರಿ. ಕೈಹಿಡಿದ, ಕೈಬಿಟ್ಟ, ಕೈಕೊಟ್ಟ, ಕೈಗೂಡಿತು. ಕನ್ನಡ ಕಲಿಯುವ ಪರದೇಶಿಯೊಬ್ಬ ‘ಗೆಳೆಯ ಕೈಕೊಟ್ಟ’ ಎಂಬ ಮಾತನ್ನು ಒಡೆದು ಓದಿದರೆ, ಗೆಳೆಯ ಸಹಾಯಕ್ಕೆ ಬಂದನೆಂದೇ ಸಂತೋಷಪಟ್ಟಾನು! ಅದನ್ನೇ ಇಂಗ್ಲಿಷಿನವರು ‘ಹಿ ಲೆಟ್ ಮಿ ಡೌನ್’ ಎನ್ನುತ್ತಾರೆ. ಜೋಡಿಗೆ ಜೋಡಿಯೇ ಸರಿಯಾದ ಉತ್ತರ.

ನಿತ್ಯದ ಕೆಲವು ವಾಕ್ಯಗಳನ್ನು ನೋಡೋಣ. ‘ಪುಟ್’ ಎಂದರೆ ಇಡು. ಆದರೆ ‘ಪುಟ್ ಆನ್ ಯುವರ್ ಸ್ವೆಟರ್’ ಎಂದರೆ ಸ್ವೆಟರ್ ತೊಟ್ಟುಕೋ. ‘ದೇ ಪುಟ್ ಔಟ್ ದ ಫೈರ್’ ಎಂದರೆ ಬೆಂಕಿಯನ್ನು ಆರಿಸಿದರು. ‘ದ ವೆಡ್ಡಿಂಗ್ ಈಸ್ ಪುಟ್ ಆಫ್’ ಎಂದರೆ ಮದುವೆಯನ್ನು ಮುಂದೂಡಲಾಗಿದೆ. ಅಲ್ಲಿ ‘ಕಾಲ್ಡ್ ಆಫ್’ ಎಂದಿದ್ದರೆ ಮದುವೆ ರದ್ದಾಗಿದೆ ಎಂದರ್ಥ. ಒಂದೇ ‘ಆಫ್’, ಮುಂದಿನ ಪದ ಬದಲಾದೊಡನೆ ಎರಡು ಮನೆತನಗಳ ಸಂಬಂಧವೇ ಬದಲಾಗುತ್ತದೆ. ‘ಶಿ ಪುಟ್ಸ್ ಅಪ್ ವಿತ್ ಹಿಸ್ ಆ್ಯಂಗರ್’ ಎಂದರೆ ಆಕೆ ಅವನ ಸಿಟ್ಟನ್ನು ಸಹಿಸಿಕೊಳ್ಳುತ್ತಾಳೆ. ಇಲ್ಲಿ ಮೂರು ಪದಗಳು ಕೂಡಿ ಒಂದೇ ಕ್ರಿಯೆಯಾಗಿವೆ.

‘ಲುಕ್’ ಎಂಬುದು ನೋಟ. ‘ಲುಕ್ ಫಾರ್’ ಎಂದರೆ ಹುಡುಕು. ‘ಲುಕ್ ಆಫ್ಟರ್ ಯುವರ್ ಪೇರೆಂಟ್ಸ್’ ಎಂದರೆ ತಂದೆತಾಯಿಗಳನ್ನು ನೋಡಿಕೋ. ಕನ್ನಡದಲ್ಲಿಯೂ ‘ನೋಡು’ ಬೇರೆ, ‘ನೋಡಿಕೋ’ ಬೇರೆ ಎಂಬುದನ್ನು ಗಮನಿಸಿರಿ. ‘ಲುಕ್ ಅಪ್ ಟು’ ಎಂದರೆ ಗೌರವದಿಂದ ಕಾಣು. ‘ಲುಕ್ ಡೌನ್ ಆನ್’ ಎಂದರೆ ಕೀಳಾಗಿ ಕಾಣು. ಯಾರನ್ನೂ ಕೀಳಾಗಿ ಕಾಣಬಾರದೆಂಬುದು ಶರಣರ ನಡೆ.

ಪದಗಳ ಸ್ಥಾನವನ್ನೂ ಅರಿಯಬೇಕು. ನಲ್ಲಿ ನಿಲ್ಲಿಸು ಎನ್ನಲು ‘ಟರ್ನ್ ಆಫ್ ದ ಟ್ಯಾಪ್’ ಎಂದರೂ ಸರಿ, ‘ಟರ್ನ್ ದ ಟ್ಯಾಪ್ ಆಫ್’ ಎಂದರೂ ಸರಿ. ಆದರೆ ‘ಅದನ್ನು’ ಎಂಬ ಸರ್ವನಾಮ ಬಂದಾಗ ‘ಟರ್ನ್ ಇಟ್ ಆಫ್’ ಎಂದೇ ಹೇಳಬೇಕು. ‘ಟರ್ನ್ ಆಫ್ ಇಟ್’ ಎನ್ನಬಾರದು. ಇದಕ್ಕೆ ಪ್ರತಿಯಾಗಿ ‘ಲುಕ್ ಆಫ್ಟರ್’ ಎಂಬ ಜೋಡಿಯ ನಡುವೆ ಕರ್ಮಪದವನ್ನು ತರುವಂತಿಲ್ಲ. ‘ಲುಕ್ ಆಫ್ಟರ್ ಹರ್’ ಎಂಬುದೇ ಸರಿ.

ನಾವು ಪುಸ್ತಕದ ಇಂಗ್ಲಿಷ್ ಬಲ್ಲೆವು, ಮನೆಮಾತಿನ ಇಂಗ್ಲಿಷ್ ಅರಿಯೆವು ಎಂಬುದಕ್ಕೆ ಚರಿತ್ರೆಯ ಕಾರಣವೊಂದಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ ಹಾಗೂ ನ್ಯಾಯಸ್ಥಾನಗಳಲ್ಲಿ ಫ್ರೆಂಚ್ ನುಡಿ, ಚರ್ಚು ಮತ್ತು ವಿದ್ಯೆಗಳಲ್ಲಿ ಲ್ಯಾಟಿನ್ ಮೆರೆದವು. ಹೊಲಮನೆಗಳ ಜನ ಇಂಗ್ಲಿಷನ್ನೇ ಆಡಿದರು. ಆದುದರಿಂದ ಮುಂದೂಡುವುದಕ್ಕೆ ಲ್ಯಾಟಿನ್ ಮೂಲದ ‘ಪೋಸ್ಟ್‌ಪೋನ್’ ಇದ್ದರೂ ಮನೆಯಲ್ಲಿ ‘ಪುಟ್ ಆಫ್’. ಸಹಿಸುವುದಕ್ಕೆ ‘ಟಾಲರೇಟ್’ ಇದ್ದರೂ ‘ಪುಟ್ ಅಪ್ ವಿತ್’. ಅರ್ಜಿ ಬರೆಯುವಾಗ ಮೊದಲನೆಯದು ಒಪ್ಪುತ್ತದೆ. ಸುಖದುಃಖ ಹೇಳುವಾಗ ಎರಡನೆಯದೇ ಬಾಯಿಗೆ ಬರುತ್ತದೆ. 12ನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಜನರಾಡುವ ಕನ್ನಡದಲ್ಲಿಯೇ ನುಡಿದರೆಂಬುದನ್ನು ಬಲ್ಲ ನಮಗೆ ಮನೆಮಾತಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. ನಮ್ಮ ತರುಣರು ಪದವಿ ಮುಗಿಸಿದುದನ್ನು ‘ಐ ಪಾಸ್ಡ್ ಔಟ್’ ಎನ್ನುತ್ತಾರೆ. ಭಾರತದಲ್ಲಿ ಇದು ರೂಢಿ. ಆದರೆ ಇಂಗ್ಲೆಂಡ್, ಅಮೆರಿಕಗಳಲ್ಲಿ ಸಾಮಾನ್ಯವಾಗಿ ಅದರ ಅರ್ಥ ಪ್ರಜ್ಞೆ ತಪ್ಪಿತು ಎಂದು. ಅಲ್ಲಿ ಉದ್ಯೋಗಕ್ಕೆ ಸಂದರ್ಶನ ಕೊಡುವವರು ‘ಐ ಗ್ರ್ಯಾಜುಯೇಟೆಡ್’ ಎನ್ನುವುದು ಲೇಸು. ‘ಪಾಸ್ಡ್ ಅವೇ’ ಎಂದರಂತೂ ತೀರಿಕೊಂಡರು ಎಂದರ್ಥ.

ಈ ಜೋಡಿಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಅವು ನಿಲ್ಲುವುದಿಲ್ಲ. ಮನೆಯಲ್ಲಿ ಒಂದು ನೋಟುಬುಕ್ ಇಡಿರಿ. ದಿನಕ್ಕೆ ಎರಡೇ ಜೋಡಿ, ಅದೂ ಇಡೀ ವಾಕ್ಯವಾಗಿ ಬರೆಯಲಿ. ಎದುರಿಗೆ ಅಜ್ಜಿಯ ಬಾಯಿಂದ ಬರುವ ಕನ್ನಡವನ್ನು ಬರೆಯಲಿ: ‘ಗಿವ್ ಅಪ್’ ಎಂಬುದಕ್ಕೆ ಬಿಟ್ಟುಬಿಡು, ‘ಗಿವ್ ಇನ್’ ಎಂಬುದಕ್ಕೆ ಸೋತು ಒಪ್ಪಿಕೋ, ‘ಗೆಟ್ ಅಪ್’ ಎಂಬುದಕ್ಕೆ ಎದ್ದೇಳು. ಮೊಮ್ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ, ಅಜ್ಜಿಗೆ ಕನ್ನಡದ ಜೋಡಿಗಳು ಉಳಿಯುತ್ತವೆ. ಇಬ್ಬರೂ ಒಂದೆಡೆ ಕುಳಿತಂತೆಯೂ ಆಗುತ್ತದೆ. ಚೆಕಪ್, ಪಿಕಪ್, ಮೇಕಪ್ ಎಂಬ ಮಾತುಗಳು ಈಗಾಗಲೇ ನಮ್ಮ ಮನೆಗಳಲ್ಲಿವೆ. ಅವು ಈ ಜೋಡಿಗಳಿಂದಲೇ ಹುಟ್ಟಿದ ನಾಮಪದಗಳು. ಅಲ್ಲಿಂದಲೇ ಪಾಠ ಆರಂಭಿಸಬಹುದು.

ನೆರೆಮನೆಯ ಹುಡುಗಿ ಅಂದು ಹೇಳಿದ ‘ಪಾರಾಗ್ಯಾರ’ ಎಂಬ ಮಾತನ್ನು ನಾವು ಮರೆತಿಲ್ಲ. ಪಾರು ಎಂದರೆ ಆಚೆಯ ದಡ. ‘ಥ್ರೂ’ ಎಂಬ ಪದದಲ್ಲಿಯೂ ಆ ದಾಟುವಿಕೆಯೇ ಇದೆ. ನಾವು ಆ ಪದದಲ್ಲಿ ಸಾವನ್ನು ಕಂಡೆವು, ಆ ಮಗು ದಡವನ್ನು ಕಂಡಿತು. ಅರಿಯದ ಮಾತು ಎದುರಾದಾಗ ವಯಸ್ಸು, ವಿದ್ವತ್ತುಗಳನ್ನು ಬದಿಗಿಟ್ಟು ಬಲ್ಲ ಕಿರಿಯರನ್ನು ಕೇಳೋಣ.